ಲಕ್ವ ಹೊಡೆದ ಮೊದಲ ನಾಲ್ಕೂವರೆ ಗಂಟೆ: ಮಂಡ್ಯ, ಮೈಸೂರು ಕಡೆ ನಾವು ಎಲ್ಲಿ ತಡ ಮಾಡುತ್ತಿದ್ದೇವೆ?

ಮೈಸೂರಿಗೆ ನಿಮ್ಹಾನ್ಸ್ ಮಾದರಿಯ ಸಂಸ್ಥೆ ಬರುತ್ತದೆ ಎಂದು 2025ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾಯಿತು. ನಮ್ಮ ಕಡೆಯವರಿಗೆ ಇದು ಸಣ್ಣ ಸುದ್ದಿಯಲ್ಲ. ಮೆದುಳು, ನರದ ತೊಂದರೆ ಅಂದರೆ ಬೆಳಗಿನ ಜಾವ ಎದ್ದು, ಹಳೇ ಚೀಟಿಗಳನ್ನೆಲ್ಲ ಕವರಿಗೆ ತುಂಬಿಕೊಂಡು, ಬೆಂಗಳೂರಿನ ಹೊಸೂರು ರಸ್ತೆಗೆ ಹೋಗಿ ಸಾಲಿನಲ್ಲಿ ನಿಲ್ಲುವುದು ನಮಗೆಲ್ಲ ಗೊತ್ತಿರುವ ಪಾಡು. ಮೂರ್ಛೆ ರೋಗ, ಮರೆವಿನ ಕಾಯಿಲೆ, ಮೆದುಳಿನ ಗಡ್ಡೆ ಇದ್ದವರಿಗೆ ಅಂಥ ಆಸ್ಪತ್ರೆ ಹತ್ತಿರ ಬರುವುದು ದೊಡ್ಡ ಅನುಕೂಲ. ಬರಲಿ, ಬೇಗ ಬರಲಿ.

ಆದರೆ ಒಂದು ಕಾಯಿಲೆ ಇದೆ. ಅದರಲ್ಲಿ ಆಸ್ಪತ್ರೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ ರೋಗಿ ಎಷ್ಟು ಹೊತ್ತಿಗೆ ಬಂದರು ಅನ್ನುವುದರ ಮೇಲೆ ಬದುಕು ನಿಂತಿರುತ್ತದೆ. ಅದೇ ಲಕ್ವ. ಪಾರ್ಶ್ವವಾಯು ಅಂತ ಪುಸ್ತಕದಲ್ಲಿ ಬರೆಯುತ್ತಾರೆ, ಸ್ಟ್ರೋಕ್ ಅಂತ ಡಾಕ್ಟರು ಹೇಳುತ್ತಾರೆ, 'ಕೈಕಾಲು ಬಿದ್ದೋಯ್ತು' ಅಂತ ಊರಲ್ಲಿ ಹೇಳುತ್ತಾರೆ. ಮಳವಳ್ಳಿ, ನಾಗಮಂಗಲ, ಕೆ.ಆರ್. ಪೇಟೆ, ಎಚ್.ಡಿ. ಕೋಟೆಯ ಯಾವ ಊರಿಗೆ ಹೋದರೂ ಒಂದಿಲ್ಲೊಂದು ಮನೆಯಲ್ಲಿ ಕೈ ಮಡಚಿಕೊಂಡು ಜಗುಲಿ ಮೇಲೆ ಕೂತವರು ಸಿಗುತ್ತಾರೆ. ಅವರಲ್ಲಿ ಎಷ್ಟೋ ಜನ ಹಾಗೆ ಕೂರಬೇಕಾಗಿರಲಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ಮೊದಲು ಒಳಗೆ ಏನಾಗುತ್ತದೆ ನೋಡೋಣ. ಮೆದುಳಿನ ತೂಕ ದೇಹದ ತೂಕದ ನೂರಕ್ಕೆ 2 ಭಾಗ ಮಾತ್ರ. ಆದರೆ ದೇಹಕ್ಕೆ ಬೇಕಾದ ಆಮ್ಲಜನಕದಲ್ಲಿ ನೂರಕ್ಕೆ 20ರಷ್ಟನ್ನು ಅದೊಂದೇ ಎಳೆದುಕೊಳ್ಳುತ್ತದೆ. ಕೂಡಿಟ್ಟುಕೊಳ್ಳುವ ಶಕ್ತಿ ಅದಕ್ಕಿಲ್ಲ. ರಕ್ತ ಹರಿಯುತ್ತಲೇ ಇರಬೇಕು. ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಹರಿವು ನಿಂತರೆ ಒಂದು ಬಗೆಯ ಲಕ್ವ. ರಕ್ತನಾಳ ಒಡೆದು ಮೆದುಳೊಳಗೆ ರಕ್ತ ಸೋರಿದರೆ ಇನ್ನೊಂದು ಬಗೆ. ನಮ್ಮ ದೇಶದಲ್ಲಿ ಹತ್ತರಲ್ಲಿ ಏಳೆಂಟು ಪ್ರಕರಣ ಹೆಪ್ಪಿನದು.

ಹೆಪ್ಪಿನ ಲಕ್ವವನ್ನು ಮಂಡ್ಯದವರಿಗೆ ವಿ.ಸಿ. ನಾಲೆಯ ಲೆಕ್ಕದಲ್ಲಿ ಹೇಳಬಹುದು. ತೂಬಿನಲ್ಲಿ ಕಸ ಸಿಕ್ಕಿಕೊಂಡರೆ ಅದರ ಕೆಳಗಿನ ಗದ್ದೆಗೆ ನೀರು ನಿಲ್ಲುತ್ತದೆ. ತೂಬಿನ ನೇರಕ್ಕೇ ಇರುವ ಪಾತಿ ಬೇಗ ಒಣಗುತ್ತದೆ. ಅಕ್ಕಪಕ್ಕದ ಗದ್ದೆಯಿಂದ ಜಿನುಗುವ ನೀರಲ್ಲಿ ಅಂಚಿನ ಪೈರು ಇನ್ನೂ ಸ್ವಲ್ಪ ಹೊತ್ತು ಜೀವ ಹಿಡಿದುಕೊಂಡಿರುತ್ತದೆ. ಮೆದುಳಲ್ಲೂ ಹಾಗೇ. ಹೆಪ್ಪಿನ ನೇರಕ್ಕಿರುವ ಭಾಗ ಕೆಲವೇ ನಿಮಿಷದಲ್ಲಿ ಸಾಯುತ್ತದೆ. ಅದರ ಸುತ್ತಲಿನ ದೊಡ್ಡ ಭಾಗ ಕೆಲಸ ನಿಲ್ಲಿಸಿರುತ್ತದೆ, ಆದರೆ ಸತ್ತಿರುವುದಿಲ್ಲ. ಪಕ್ಕದ ಸಣ್ಣ ನಾಳಗಳಿಂದ ಬರುವ ಅಷ್ಟಿಷ್ಟು ರಕ್ತದಲ್ಲಿ ಕಾಯುತ್ತಿರುತ್ತದೆ. ಎಲ್ಲ ಚಿಕಿತ್ಸೆಯೂ ಆ ಕಾಯುತ್ತಿರುವ ಭಾಗವನ್ನು ಉಳಿಸಿಕೊಳ್ಳುವುದಕ್ಕೆ. ದೊಡ್ಡ ನಾಳ ಮುಚ್ಚಿಕೊಂಡಾಗ ಒಂದು ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶ ಸಾಯುತ್ತವೆ ಎಂದು 2006ರಲ್ಲಿ ಲೆಕ್ಕ ಹಾಕಿದ್ದಾರೆ.

ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದು ಕೆಲಸ ಮಾಡುತ್ತದೆ ಎಂದು 1995ರಲ್ಲೇ ಸಾಬೀತಾಯಿತು. ಆಗ ಮೂರು ಗಂಟೆಯೊಳಗೆ ಕೊಡಬೇಕು ಅಂತಿತ್ತು. 2008ರ ಅಧ್ಯಯನದ ನಂತರ ಅದು ನಾಲ್ಕೂವರೆ ಗಂಟೆಯಾಯಿತು. ತೊಡೆಸಂದಿಯ ರಕ್ತನಾಳದಿಂದ ಸಣ್ಣ ಕೊಳವೆ ಹಾಯಿಸಿ ಹೆಪ್ಪನ್ನೇ ಎಳೆದು ತೆಗೆಯುವ ವಿಧಾನವೂ 2015ರಿಂದ ಗಟ್ಟಿಯಾಗಿ ನೆಲೆಯೂರಿದೆ. ಅದನ್ನು ಸಾಮಾನ್ಯವಾಗಿ ಆರು ಗಂಟೆಯೊಳಗೆ, ಕೆಲವು ರೋಗಿಗಳಲ್ಲಿ 24 ಗಂಟೆವರೆಗೂ ಮಾಡುತ್ತಾರೆ. ಆದರೆ ಅದಕ್ಕೆ ವಿಶೇಷ ತರಬೇತಿಯ ತಂಡ ಬೇಕು, ಖರ್ಚೂ ಜಾಸ್ತಿ.

ನಾಲ್ಕೂವರೆ ಗಂಟೆ ಅಂದರೆ ಬೇಕಾದಷ್ಟಾಯಿತಲ್ಲ ಅನ್ನಿಸಬಹುದು. ಆಸ್ಪತ್ರೆ ಬಾಗಿಲಲ್ಲಿ ಕಾಲಿಟ್ಟ ಮೇಲೆ ಪರೀಕ್ಷೆ, ಸ್ಕ್ಯಾನ್, ವರದಿ ಅಂತ ಮುಕ್ಕಾಲು ಗಂಟೆ, ಒಂದು ಗಂಟೆ ಹೋಗುತ್ತದೆ. ಕೆ.ಆರ್. ಪೇಟೆಯ ಒಳಗಿನ ಹಳ್ಳಿಯಿಂದ ಮಂಡ್ಯಕ್ಕೋ ಮೈಸೂರಿಗೋ ಬರಲು ಒಂದೂವರೆ ಗಂಟೆ ಇಟ್ಟುಕೊಳ್ಳಿ. ಉಳಿದದ್ದು ಎರಡು ಗಂಟೆ. ಅಷ್ಟರಲ್ಲಿ ಮನೆಯವರಿಗೆ ಇದು ಲಕ್ವ ಅಂತ ಗೊತ್ತಾಗಬೇಕು, ಗಾಡಿ ಸಿಗಬೇಕು, ಹೊರಡಬೇಕು. ಇನ್ನೊಂದು ತೊಡಕಿದೆ. ಗಡಿಯಾರ ಶುರುವಾಗುವುದು ನಾವು ನೋಡಿದ ಹೊತ್ತಿನಿಂದಲ್ಲ, ಆ ವ್ಯಕ್ತಿ ಕೊನೆಯ ಸಲ ಚೆನ್ನಾಗಿದ್ದ ಹೊತ್ತಿನಿಂದ. ರಾತ್ರಿ ಹತ್ತಕ್ಕೆ ಮಲಗಿದವರು ಬೆಳಿಗ್ಗೆ ಐದಕ್ಕೆ ಏಳುವಾಗ ಕೈ ಸ್ವಾಧೀನ ತಪ್ಪಿದ್ದರೆ ಲೆಕ್ಕ ಹತ್ತು ಗಂಟೆಯಿಂದಲೇ. ಹಾಗಂತ ಕೈಚೆಲ್ಲಿ ಕೂರಬಾರದು. ಇಂಥವರಲ್ಲೂ ಕೆಲವರಿಗೆ ವಿಶೇಷ ಸ್ಕ್ಯಾನ್ ನೋಡಿ ಚಿಕಿತ್ಸೆ ಕೊಡುವ ದಾರಿ ಇದೆ. ಅದಕ್ಕೇ ಡಾಕ್ಟರು ಮೊದಲು ಕೇಳುವುದು 'ಕೊನೆಗೆ ಯಾವಾಗ ಸರಿಯಾಗಿದ್ದರು?' ಅಂತ. ಈ ಒಂದು ಪ್ರಶ್ನೆಗೆ ಉತ್ತರ ಗೊತ್ತಿರುವವರೇ ರೋಗಿಯ ಜೊತೆ ಗಾಡಿ ಹತ್ತಬೇಕು.

ತಡ ಎಲ್ಲಿ ಆಗುತ್ತದೆ? ದಾರಿ ದೂರ ಅನ್ನುವುದು ಅರ್ಧ ಉತ್ತರ. ಬೆಂಗಳೂರು–ಮೈಸೂರು ಹೆದ್ದಾರಿ 2023ರಲ್ಲಿ ತೆರೆದ ಮೇಲೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದಿಂದ ದೊಡ್ಡ ಊರು ಹತ್ತಿರವೇ ಆಗಿದೆ. ಜಾಸ್ತಿ ಹೊತ್ತು ಹೋಗುವುದು ಮನೆ ಅಂಗಳದಲ್ಲಿ. 'ಸುಸ್ತಾಗಿರಬೇಕು, ಸ್ವಲ್ಪ ಮಲಗಲಿ' ಅನ್ನುತ್ತೇವೆ. ಮಗ ಬೆಂಗಳೂರಿಂದ ಬರಲಿ ಅಂತ ಕಾಯುತ್ತೇವೆ. ಊರಿನ ಕ್ಲಿನಿಕ್ಕಿನಲ್ಲಿ ಒಂದು ಗ್ಲೂಕೋಸ್ ಹಾಕಿಸುತ್ತೇವೆ. ಆಮೇಲೆ 'ಅಲ್ಲೊಬ್ಬರು ಲಕ್ವಕ್ಕೆ ಸೊಪ್ಪಿನ ಔಷಧಿ ಕೊಡ್ತಾರೆ' ಅನ್ನುವ ಮಾತು ಬರುತ್ತದೆ.

ನಾಟಿ ಔಷಧಿಯ ಮಾತು ಬಂದಾಗ ಓದಿದವರು ಹಳ್ಳಿಯವರನ್ನು ಬೈದು ಸುಮ್ಮನಾಗುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಜನ ಕಣ್ಣಾರೆ ಕಂಡದ್ದನ್ನು ನಂಬುತ್ತಾರೆ. ಸೊಪ್ಪಿನ ರಸ ಕುಡಿದು ಬಾಯಿ ಸೊಟ್ಟಗಾಗಿದ್ದು ಸರಿಹೋದವರನ್ನು ಅವರು ನಿಜವಾಗಿ ನೋಡಿದ್ದಾರೆ. ಅದು ಹೇಗೆ ಸರಿಹೋಯಿತು ಅನ್ನುವುದನ್ನು ನಾವು ಬಿಡಿಸಿ ಹೇಳಿಲ್ಲ, ಅಷ್ಟೇ.

ಮುಖದ ನರ ಊದಿಕೊಂಡು ಒಂದು ಕಡೆಯ ಮುಖ ಜೋತುಬೀಳುವ ತೊಂದರೆಯೊಂದಿದೆ. ಬೆಲ್ಸ್ ಪಾಲ್ಸಿ ಅನ್ನುತ್ತಾರೆ. ಇದು ಮೆದುಳಿನ ಕಾಯಿಲೆಯಲ್ಲ. ಮೆದುಳಿನಿಂದ ಹೊರಟು ಕಿವಿಯ ಹಿಂದಿನ ಮೂಳೆಯೊಳಗೆ ಹಾದು ಮುಖಕ್ಕೆ ಬರುವ ನರದ ತೊಂದರೆ. ಇದರಲ್ಲಿ ಹಣೆ ಸುಕ್ಕು ಮಾಡಲು ಆಗುವುದಿಲ್ಲ, ಆ ಕಡೆಯ ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಆದರೆ ಕೈಕಾಲಿಗೆ ಏನೂ ಆಗಿರುವುದಿಲ್ಲ. ಯಾವ ಔಷಧಿ ಕೊಡದಿದ್ದರೂ ಹತ್ತರಲ್ಲಿ ಸುಮಾರು ಏಳು ಜನರಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ಪೂರ್ತಿ ವಾಸಿಯಾಗುತ್ತದೆ. ಅದೇ ಹೊತ್ತಲ್ಲಿ ಸೊಪ್ಪು ಅರೆದು ಹಚ್ಚಿದ್ದರೆ ಹೆಸರು ಸೊಪ್ಪಿಗೆ ಬರುತ್ತದೆ.

ಇನ್ನೊಂದು, ಬಂದು ಹೋಗುವ ಲಕ್ವ. ಹೆಪ್ಪು ಸಿಕ್ಕಿಕೊಂಡು ತಾನೇ ಕರಗಿಬಿಡುತ್ತದೆ. ಹತ್ತು ನಿಮಿಷವೋ ಅರ್ಧ ಗಂಟೆಯೋ ಮಾತು ತೊದಲಿ, ಕೈ ಜೋಮು ಹಿಡಿದು, ಆಮೇಲೆ ಎಲ್ಲ ಮೊದಲಿನ ಹಾಗೆ ಆಗುತ್ತದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಇದಕ್ಕೆ ಹೆದರಬೇಕು. ದೊಡ್ಡ ಲಕ್ವ ಬರುವ ಅಪಾಯ ಅತಿ ಹೆಚ್ಚು ಇರುವುದು ಇದಾದ ಮೊದಲ ಎರಡು ದಿನದಲ್ಲೇ. ಆ ಎರಡು ದಿನದಲ್ಲಿ ಸರಿಯಾದ ಮಾತ್ರೆ ಶುರುವಾದರೆ ತಪ್ಪಿಸಲು ಆಗುತ್ತದೆ. ತಾನಾಗೇ ಸರಿಹೋಯಿತು ಅಂತ ಮನೆಯಲ್ಲೇ ಉಳಿದವರು ಆ ಅವಕಾಶ ಕಳೆದುಕೊಳ್ಳುತ್ತಾರೆ.

ಹೀಗೆ ಮೂರು ಬೇರೆ ಬೇರೆ ತೊಂದರೆಗಳಿಗೆ ಊರಲ್ಲಿ ಇರುವುದು ಒಂದೇ ಹೆಸರು. ಎರಡು ತಾವಾಗಿ ವಾಸಿಯಾಗುತ್ತವೆ. ಅವುಗಳಿಂದ ಹುಟ್ಟಿದ ನಂಬಿಕೆ ಮೂರನೆಯದರಲ್ಲಿ ಹೊತ್ತು ಕಳೆಯುತ್ತದೆ. ಯಾವುದು ಯಾವುದು ಅಂತ ಮನೆಯಲ್ಲಿ ತೀರ್ಮಾನ ಮಾಡಲು ಹೋಗಬೇಡಿ. ಬಾಯಿ ವಾರೆಯಾಗಿದೆಯೇ? ಎರಡೂ ಕೈ ಮುಂದಕ್ಕೆ ಎತ್ತಿ ಹಿಡಿದರೆ ಒಂದು ಕೆಳಗೆ ಜಾರುತ್ತಿದೆಯೇ? ಮಾತು ತೊದಲುತ್ತಿದೆಯೇ, ಅಥವಾ ನಾವು ಹೇಳಿದ್ದು ಅರ್ಥವಾಗುತ್ತಿಲ್ಲವೇ? ಇದ್ದಕ್ಕಿದ್ದ ಹಾಗೆ ಒಂದು ಕಣ್ಣು ಮಂಜಾಯಿತೇ, ನಡೆಯುವಾಗ ತೂರಾಡುತ್ತಿದ್ದಾರೆಯೇ? ಇದರಲ್ಲಿ ಒಂದು ಕಂಡರೂ ಹೊರಡಬೇಕು, 108ಕ್ಕೆ ಫೋನ್ ಮಾಡಬೇಕು.

ಗಾಡಿ ಬರುವವರೆಗೆ ಏನು ಮಾಡಬಾರದು ಅನ್ನುವುದೂ ಅಷ್ಟೇ ಮುಖ್ಯ. ಬಾಯಿಗೆ ನೀರು, ಕಾಫಿ, ಗಂಜಿ ಹಾಕಬೇಡಿ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಬಿ.ಪಿ. ಜಾಸ್ತಿಯಾಗಿದೆ ಅಂತ ಮಾತ್ರೆ ಕೊಟ್ಟು ತಟ್ಟನೆ ಇಳಿಸಬೇಡಿ. ಹೆಪ್ಪು ಕಟ್ಟಿದಾಗ ಆ ಒತ್ತಡದಲ್ಲೇ ಅಂಚಿನ ಭಾಗಕ್ಕೆ ರಕ್ತ ಸಿಗುತ್ತಿರುತ್ತದೆ. ಎದೆನೋವಿಗೆ ಕೊಡುವ ಆಸ್ಪಿರಿನ್ ಮಾತ್ರೆಯನ್ನು ಇಲ್ಲಿ ಸ್ಕ್ಯಾನ್ ಆಗುವ ಮೊದಲು ಕೊಡಬಾರದು. ಒಡೆದ ನಾಳ ಆಗಿದ್ದರೆ ರಕ್ತಸ್ರಾವ ಜಾಸ್ತಿಯಾಗುತ್ತದೆ. ಸಕ್ಕರೆ ಕಾಯಿಲೆಯವರಾದರೆ ರಕ್ತದ ಸಕ್ಕರೆ ಒಮ್ಮೆ ನೋಡಿಸಬೇಕು. ಸಕ್ಕರೆ ತೀರಾ ಇಳಿದಾಗಲೂ ಲಕ್ವದ ಹಾಗೇ ಕಾಣುತ್ತದೆ.

ಸ್ಕ್ಯಾನ್ ಅಂದೆನಲ್ಲ, ನಮ್ಮ ವ್ಯವಸ್ಥೆಯ ಗಂಟು ಇರುವುದು ಅಲ್ಲೇ. ಹೃದಯಾಘಾತಕ್ಕೆ 2023ರಲ್ಲಿ ಸರ್ಕಾರ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೂರದ ತಜ್ಞರಿಗೆ ಕಳಿಸಿ, ಅವರು ಹೇಳಿದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಬಹಳ ಒಳ್ಳೆಯ ಕೆಲಸ. ಅದೇ ಜಾತಿಯ ಇಂಜೆಕ್ಷನ್ ಲಕ್ವಕ್ಕೂ ಆಗುತ್ತದೆ. ಹಾಗಾದರೆ ತಾಲ್ಲೂಕಿನಲ್ಲೇ ಕೊಡಬಹುದಲ್ವಾ? ಆಗುವುದಿಲ್ಲ. ಹೆಪ್ಪೋ ರಕ್ತಸ್ರಾವವೋ ಅಂತ ಎಷ್ಟು ಅನುಭವಿ ಡಾಕ್ಟರಿಗೂ ಹೊರಗಿನಿಂದ ನೋಡಿ ಖಚಿತವಾಗಿ ಹೇಳಲು ಬರುವುದಿಲ್ಲ. ರಕ್ತಸ್ರಾವದವರಿಗೆ ಈ ಇಂಜೆಕ್ಷನ್ ಕೊಟ್ಟರೆ ಪ್ರಾಣಕ್ಕೇ ಬರುತ್ತದೆ. ಸಿಟಿ ಸ್ಕ್ಯಾನ್ ಬೇಕೇ ಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ.

ಆದ್ದರಿಂದ ಲಕ್ವದವರನ್ನು ನೇರವಾಗಿ ಸಿಟಿ ಸ್ಕ್ಯಾನ್ ಇರುವ ಕಡೆಗೇ ಕರೆದೊಯ್ಯಬೇಕು. ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಅಂದರೆ ನಮ್ಮ ದೊಡ್ಡಾಸ್ಪತ್ರೆ, ಬೆಳ್ಳೂರು ಕಡೆಯವರಿಗೆ ಬಿ.ಜಿ. ನಗರದ ಆಸ್ಪತ್ರೆ, ಜೊತೆಗೆ ಖಾಸಗಿ ಆಸ್ಪತ್ರೆಗಳು. ಹತ್ತಿರದ್ದು ಅಂತ ಒಂದು ಕಡೆ, ಅಲ್ಲಿಂದ ಇನ್ನೊಂದು ಕಡೆ, ಅಲ್ಲಿಂದ ಮೂರನೆಯ ಕಡೆ ಸುತ್ತುವುದರಲ್ಲೇ ನಾಲ್ಕೂವರೆ ಗಂಟೆ ಮುಗಿಯುತ್ತದೆ.

ಬೇರೆಯವರು ದಾರಿ ಹುಡುಕಿದ್ದಾರೆ. ಹಿಮಾಚಲ ಪ್ರದೇಶದಲ್ಲಿ ನರರೋಗ ತಜ್ಞರು ಕಡಿಮೆ, ರಸ್ತೆಗಳು ಕಷ್ಟ. ಅಲ್ಲಿ 2014ರಿಂದಲೇ ಸಿಟಿ ಇರುವ ಸರ್ಕಾರಿ ಆಸ್ಪತ್ರೆಗಳ ಸಾಮಾನ್ಯ ವೈದ್ಯರು ಸ್ಕ್ಯಾನ್ ಚಿತ್ರವನ್ನು ಫೋನಿನಲ್ಲಿ ತಜ್ಞರಿಗೆ ಕಳಿಸಿ, ಅವರ ಮಾತಿನ ಮೇಲೆ ಇಂಜೆಕ್ಷನ್ ಕೊಡುತ್ತಿದ್ದಾರೆ. ಔಷಧಿ ಉಚಿತ. ಅಸ್ಸಾಂನ ದಿಬ್ರುಗಢ ಕಡೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಆಂಬುಲೆನ್ಸಿನೊಳಗೇ ಸಿಟಿ ಸ್ಕ್ಯಾನರ್ ಇಟ್ಟು ಹಳ್ಳಿ ಕಡೆಗೆ ಕಳಿಸಿದೆ. ನಮ್ಮಲ್ಲೂ 2022ರಲ್ಲಿ ನಿಮ್ಹಾನ್ಸ್ ಮತ್ತು ನೀತಿ ಆಯೋಗದ ಜೊತೆ ಸೇರಿ ರಾಜ್ಯ ಸರ್ಕಾರ ಮೆದುಳು ಆರೋಗ್ಯದ ಯೋಜನೆ ಶುರು ಮಾಡಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಲೆನೋವು, ಮೂರ್ಛೆ, ಲಕ್ವ, ಮರೆವಿನ ಕಾಯಿಲೆ ಗುರುತಿಸುವ ತರಬೇತಿ ಕೊಡುವುದು ಅದರ ತಿರುಳು. ನನಗೆ ಕಟ್ಟಡಕ್ಕಿಂತ ಈ ತರಬೇತಿಯ ಮೇಲೆ ನಂಬಿಕೆ ಜಾಸ್ತಿ.

ಇನ್ನು ಲಕ್ವ ಬರದ ಹಾಗೆ ನೋಡಿಕೊಳ್ಳುವ ಮಾತು. 32 ದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಇಂಟರ್‌ಸ್ಟ್ರೋಕ್ ಅಧ್ಯಯನ ಹೇಳುವಂತೆ, ಲಕ್ವದ ಹತ್ತರಲ್ಲಿ ಒಂಬತ್ತು ಪಾಲು ಅಪಾಯ ನಾವು ತಿದ್ದಬಹುದಾದ ಹತ್ತು ಕಾರಣಗಳಿಂದ ಬರುತ್ತದೆ. ಹತ್ತನ್ನೂ ಇಲ್ಲಿ ಪಟ್ಟಿ ಮಾಡುವುದಿಲ್ಲ. ಎಲ್ಲಕ್ಕಿಂತ ದೊಡ್ಡದು ಬಿ.ಪಿ. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಇಡೀ ದೇಶದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ 35.5 ಜನರಿಗೆ ಬಿ.ಪಿ., 11.4 ಜನರಿಗೆ ಸಕ್ಕರೆ ಕಾಯಿಲೆ ಇತ್ತು. ಬಿ.ಪಿ.ಯ ಮೇಲಿನ ಅಂಕಿ 10ರಷ್ಟು ಇಳಿದರೆ ಲಕ್ವದ ಅಪಾಯ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ. ಆ 10 ಅಂಕಿ ಇಳಿಸಲು ದಿನಕ್ಕೊಂದು ಅಗ್ಗದ ಮಾತ್ರೆ ಎಷ್ಟೋ ಜನರಿಗೆ ಸಾಕು. ಅದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಸಿಗುತ್ತದೆ.

ಸಿಗುತ್ತದೆ, ಆದರೆ ನುಂಗುವುದಿಲ್ಲ. ನಮ್ಮ ಕಡೆ ಈ ಮಾತುಕತೆ ಎಷ್ಟು ಸಲ ಕೇಳಿದ್ದೇನೋ:

'ಮಾತ್ರೆ ಯಾಕಣ್ಣ ಬಿಟ್ಬಿಟ್ರಿ?'

'ಚೆಕ್ ಮಾಡ್ಸ್ದೆ ಕಣಪ್ಪ, ನಾರ್ಮಲ್ ಅಂದ್ರು. ಇನ್ಯಾಕೆ ಸುಮ್ನೆ ಮಾತ್ರೆ?'

ನಾರ್ಮಲ್ ಆಗಿದ್ದು ಮಾತ್ರೆಯಿಂದ. ಬಿಟ್ಟ ಕೆಲವೇ ದಿನದಲ್ಲಿ ಬಿ.ಪಿ. ಮತ್ತೆ ಏರುತ್ತದೆ, ನೋವಿಲ್ಲದೆ, ಸದ್ದಿಲ್ಲದೆ. ತಲೆ ಸುತ್ತಿದರೆ ಮಾತ್ರ ಬಿ.ಪಿ. ಅನ್ನುವ ನಂಬಿಕೆ ಬೇರೆ. 180 ಇದ್ದರೂ ಏನೂ ಅನ್ನಿಸದೆ ಕಬ್ಬು ಕಡಿಯುವವರಿದ್ದಾರೆ. ಇದಕ್ಕೆ ಅವರನ್ನಷ್ಟೇ ದೂರುವುದು ನ್ಯಾಯವಲ್ಲ. ಮಾತ್ರೆ ಕೊಡುವಾಗ 'ಇದು ದಿನಾ, ನಾರ್ಮಲ್ ಬಂದರೂ ಬಿಡಬಾರದು' ಅಂತ ಒಂದು ನಿಮಿಷ ಕೂತು ಹೇಳುವವರು ಬೇಕು. ತಿಂಗಳಿಗೊಮ್ಮೆ ಮಾತ್ರೆಗೆ ಬರಲು ಒಂದು ದಿನದ ಕೂಲಿ ಹೋಗುವುದಾದರೆ ಯಾರೂ ಬರುವುದಿಲ್ಲ. ಮನೆ ಬಾಗಿಲಲ್ಲೇ ಬಿ.ಪಿ., ಸಕ್ಕರೆ ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಗಿದ್ದು ಈ ಕಾರಣಕ್ಕೇ ಸರಿಯಾದ ಹೆಜ್ಜೆ.

ಉಪ್ಪು ಇನ್ನೊಂದು ಕಡೆ. ದಿನಕ್ಕೆ 5 ಗ್ರಾಂ ಒಳಗಿರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಸಣ್ಣ ಚಮಚ, ಎಲ್ಲ ಸೇರಿ. ರಾಗಿ ಮುದ್ದೆ ಒಳ್ಳೆಯದೇ. ಜೊತೆಗಿನ ಬಸ್ಸಾರು, ನಂಚಿಕೊಳ್ಳುವ ಉಪ್ಪಿನಕಾಯಿ, ಕರಿದ ಸಂಡಿಗೆ ಹಪ್ಪಳ, ಸಂಜೆಯ ಖಾರದ ಕಡ್ಲೆಬೀಜ ಎಲ್ಲ ಕೂಡಿಸಿದರೆ ಲೆಕ್ಕ ಮೀರುತ್ತದೆ. ಬೀಡಿ, ಹೊಗೆಸೊಪ್ಪು, ಹೆಂಡ ಇವುಗಳ ಬಗ್ಗೆ ಎಲ್ಲರಿಗೂ ಗೊತ್ತಿದೆ, ಮತ್ತೆ ಹೇಳಬೇಕಿಲ್ಲ.

ಯಾರೂ ಜಾಸ್ತಿ ಮಾತಾಡದ ಒಂದು ಲಕ್ವ ಇದೆ, ಅದು ಬಾಣಂತಿಯರದು. ಹೆರಿಗೆಯ ನಂತರದ ಆರು ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಿರುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ, ರಕ್ತಹೀನತೆ ಇದ್ದರೆ, ಸೋಂಕು ತಗುಲಿದರೆ ಮೆದುಳಿನಿಂದ ರಕ್ತ ವಾಪಸ್ ಒಯ್ಯುವ ನಾಳಗಳಲ್ಲಿ ಹೆಪ್ಪು ಕಟ್ಟಬಹುದು. ನಿಮ್ಹಾನ್ಸ್ ವೈದ್ಯರು ಇದರ ಬಗ್ಗೆ ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ನಮ್ಮ ಬಾಣಂತನದಲ್ಲಿ ಒಳ್ಳೆಯದು ಬೇಕಾದಷ್ಟಿದೆ: ವಿಶ್ರಾಂತಿ, ಬಿಸಿನೀರಿನ ಸ್ನಾನ, ಅಮ್ಮನ ಆರೈಕೆ. ಆದರೆ 'ನೀರು ಕುಡಿದರೆ ಹೊಟ್ಟೆ ಬರುತ್ತೆ' ಅಂತ ಕಟ್ಟುನಿಟ್ಟಾಗಿ ನೀರು ತಡೆಯುತ್ತಾರಲ್ಲ, ಅದನ್ನು ಬಿಡಲೇಬೇಕು. ಹಾಲುಣಿಸುವ ತಾಯಿಗೆ ನೀರು ಮಾಮೂಲಿಗಿಂತ ಜಾಸ್ತಿ ಬೇಕು.

ಇದರ ಲಕ್ಷಣವೂ ಬೇರೆ. ದಿನದಿಂದ ದಿನಕ್ಕೆ ಏರುವ ತಲೆನೋವು, ವಾಂತಿ, ಕಣ್ಣು ಮಂಜು, ಫಿಟ್ಸ್, ಆಮೇಲೆ ಕೈಕಾಲು ಸೋಲುವುದು. ಫಿಟ್ಸ್ ಬಂದು ಹುಡುಗಿ ಏನೇನೋ ಮಾತಾಡಿದರೆ ಸನ್ನಿ ಅಂತಲೋ ಗಾಳಿ ಸೋಕಿದೆ ಅಂತಲೋ ದೇವಸ್ಥಾನಕ್ಕೆ ಕರೆದೊಯ್ದ ಮನೆಗಳಿವೆ. ಇಪ್ಪತ್ತು, ಇಪ್ಪತ್ತೈದರ ಹೆಣ್ಣುಮಕ್ಕಳು ಇವರು. ರಕ್ತ ತೆಳುವಾಗಿಸುವ ಔಷಧಿ ಬೇಗ ಶುರುವಾದರೆ ಬಹಳಷ್ಟು ಜನ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ಆಶಾ ಕಾರ್ಯಕರ್ತೆಯರು ಹೆರಿಗೆಯಾದ ಮನೆಗೆ ಹೇಗೂ ಹೋಗುತ್ತಾರೆ. ಮಗುವಿನ ತೂಕ ಕೇಳುವಾಗ ತಾಯಿಯ ತಲೆನೋವನ್ನೂ ಕೇಳುವಂತಾಗಬೇಕು.

ಲಕ್ವ ಆಗಿಹೋದವರ ವಿಷಯಕ್ಕೆ ಬಂದರೆ, ಎಡ ಮೆದುಳಿಗೆ ಪೆಟ್ಟು ಬಿದ್ದವರಲ್ಲಿ ಬಲಗೈ, ಬಲಗಾಲಿನ ಜೊತೆ ಮಾತೂ ಹೋಗುತ್ತದೆ. ಬುದ್ಧಿ ಸರಿಯಾಗೇ ಇರುತ್ತದೆ. ಏನು ಹೇಳಬೇಕು ಅಂತ ಗೊತ್ತಿರುತ್ತದೆ, ಶಬ್ದ ಬರುವುದಿಲ್ಲ. ಮನೆಯವರು 'ತಲೆ ಕೆಟ್ಟಿದೆ' ಅಂದುಕೊಂಡು ಅವರ ಎದುರೇ ಅವರ ಬಗ್ಗೆ ಮಾತಾಡಿಬಿಡುತ್ತಾರೆ. ಅದಕ್ಕಿಂತ ನೋವಿನ ಸಂಗತಿ ಇನ್ನೇನಿದೆ? ಇಂಥವರಿಗೆ ಮಾತಿನ ತರಬೇತಿ ಕೊಡುವ ದೇಶದ ಹೆಸರಾಂತ ಸಂಸ್ಥೆ 1965ರಿಂದ ನಮ್ಮ ಮೈಸೂರಿನಲ್ಲೇ ಇದೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಕಿವಿ ಕೇಳದ ಮಕ್ಕಳಿಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಲಕ್ವದಿಂದ ಮಾತು ಕಳೆದುಕೊಂಡವರಿಗೂ ಅಲ್ಲಿ ಚಿಕಿತ್ಸೆ ಇದೆ. ಕೈಕಾಲಿನ ವ್ಯಾಯಾಮವೂ ಅಷ್ಟೇ. ಚೇತರಿಕೆ ಅತಿ ವೇಗವಾಗಿ ಆಗುವುದು ಮೊದಲ ಮೂರು ತಿಂಗಳಲ್ಲಿ. ಮೆದುಳಿನ ಉಳಿದ ಭಾಗಗಳು ಹೊಸ ಕೆಲಸ ಕಲಿಯುವ ಕಾಲ ಅದು. ಆ ಮೂರು ತಿಂಗಳು ಎಣ್ಣೆ ಹಚ್ಚಿ ಮಲಗಿಸಿದರೆ ಕೀಲುಗಳು ಬಿಗಿದುಕೊಳ್ಳುತ್ತವೆ. ವಾರಕ್ಕೆರಡು ಸಲ ಮೈಸೂರಿಗೆ ಬರಲು ಆಗದವರಿಗೆ ತಾಲ್ಲೂಕು ಮಟ್ಟದಲ್ಲೇ ಫಿಸಿಯೋಥೆರಪಿ ಸಿಗಬೇಕು.

ಹೊಸ ಸಂಸ್ಥೆ ಕಟ್ಟುವ ಹೊತ್ತಿನಲ್ಲಿ ನಮ್ಮ ಜನಪ್ರತಿನಿಧಿಗಳನ್ನು, ಜಿಲ್ಲಾ ಆರೋಗ್ಯ ಅಧಿಕಾರಿಗಳನ್ನು ಕೆಲವು ಪ್ರಶ್ನೆ ಕೇಳಬೇಕಾಗಿದೆ. ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೂ ಸಿಟಿ ನಡೆಯುತ್ತದೆಯೇ, ಅದನ್ನು ಓದಿ ಹೇಳುವವರು ಇರುತ್ತಾರೆಯೇ? ಹೆಪ್ಪು ಕರಗಿಸುವ ಇಂಜೆಕ್ಷನ್ ಲಕ್ವದವರಿಗೂ ಉಚಿತವಾಗಿ ದಾಸ್ತಾನಿದೆಯೇ? 108ರವರು ರೋಗಿಯನ್ನು ಹತ್ತಿಸಿಕೊಂಡ ತಕ್ಷಣ ಆಸ್ಪತ್ರೆಗೆ 'ಲಕ್ವದ ಕೇಸು ಬರುತ್ತಿದೆ' ಅಂತ ಮೊದಲೇ ತಿಳಿಸುವ ಪದ್ಧತಿ ಇದೆಯೇ? ಹೃದಯ ಜ್ಯೋತಿಗೆ ಹಾಕಿದ ಜಾಲಕ್ಕೇ ಮೆದುಳನ್ನೂ ಸೇರಿಸಿ, ಮಂಡ್ಯದ ವೈದ್ಯರು ಸ್ಕ್ಯಾನ್ ಚಿತ್ರವನ್ನು ನಿಮ್ಹಾನ್ಸ್ ತಜ್ಞರಿಗೆ ಕಳಿಸಿ ಹತ್ತು ನಿಮಿಷದಲ್ಲಿ ಉತ್ತರ ಪಡೆಯುವ ಹಾಗೆ ಮಾಡಲು ಏನು ಅಡ್ಡಿ? ಈ ಪ್ರಶ್ನೆಗಳನ್ನು ಮುಂದಿನ ಗ್ರಾಮಸಭೆಯಲ್ಲೇ ಎತ್ತಬಹುದು. ಅಲ್ಲಿಗೆ ಹೋಗುವ ಮೊದಲು ನಿಮ್ಮ ಊರಿನಿಂದ ಇಪ್ಪತ್ನಾಲ್ಕು ಗಂಟೆ ಸಿಟಿ ಸಿಗುವ ಅತಿ ಹತ್ತಿರದ ಆಸ್ಪತ್ರೆ ಯಾವುದು ಅಂತ ವಿಚಾರಿಸಿ, ಅದರ ಫೋನ್ ನಂಬರನ್ನು ಮನೆಯ ಗೋಡೆ ಮೇಲೆ ಬರೆದಿಟ್ಟುಕೊಳ್ಳಿ.